ಕೊಚ್ಚಿಯಲ್ಲಿ ಒಂದು ದಿನ: ಹಗಲು ಗೈಡ್ ಜೊತೆ ನಗರ ವೀಕ್ಷಣೆ, ಸಂಜೆ ಬಂದರಿನಲ್ಲಿ ಬೋಟಿನ ವಿಹಾರ

ಕೊಚ್ಚಿಯನ್ನು ನೋಡಲು ಹೋಗುವವರಲ್ಲಿ ಹೆಚ್ಚಿನವರು ಹಗಲಿನ ನಗರ ವೀಕ್ಷಣೆಗೆ ಒಬ್ಬರ ಬಳಿ ಹಣ ಕಟ್ಟುತ್ತಾರೆ, ಸಂಜೆಯಾದ ಮೇಲೆ ನಗರದ ಪೂರ್ವ ದಡದ ಮರೀನ್ ಡ್ರೈವಿನ ದಂಡೆಯಲ್ಲಿ ಕೂಗಿ ಕರೆಯುವ ಇನ್ನೊಬ್ಬರ ಬಳಿ ಬೋಟಿನ ಟಿಕೆಟ್ ಕೊಳ್ಳುತ್ತಾರೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲವೆಂಬಂತೆ ಎರಡನ್ನೂ ಮುಗಿಸಿ ಊರಿಗೆ ಮರಳುತ್ತಾರೆ. ನಾನೂ ಮೊದಲ ಎರಡು ಸಲ ಹಾಗೆಯೇ ಮಾಡಿದ್ದೆ. ಮೂರನೆಯ ಸಲ, ಬೆಳಿಗ್ಗೆ ನಿಂತು ನೋಡಿದ್ದ ಚೀನೀ ಬಲೆಗಳನ್ನು, ಅಂದರೆ ದಡದಲ್ಲಿ ನಿಲ್ಲಿಸಿದ ದೊಡ್ಡ ಮೀನುಬಲೆಗಳನ್ನು, ಸಂಜೆ ನೀರಿನ ಕಡೆಯಿಂದ ಕಂಡಾಗ, ಈ ಊರನ್ನು ಮೊದಲು ನೆಲದಿಂದ, ಆಮೇಲೆ ನೀರಿನಿಂದ, ಅದೇ ದಿನ ನೋಡಬೇಕು ಎನ್ನುವುದು ಮನಸ್ಸಿಗೆ ಬಂತು. ಏಕೆಂದರೆ ಇಲ್ಲಿನ ಚರ್ಚು, ಅರಮನೆ, ಗೋದಾಮು ಎಲ್ಲವೂ ಆ ಬಂದರಿನ ಬಾಯಿಯಿಂದ ಒಳಗೆ ಬಂದವರ ಕೆಲಸ. ಇತಿಹಾಸಕಾರರು ಹೇಳುವಂತೆ, 1341ರಲ್ಲಿ ಪೆರಿಯಾರ್ ನದಿಗೆ ಬಂದ ಮಹಾಪ್ರವಾಹದಿಂದ ಕೊಡುಂಗಲ್ಲೂರಿನ ಹಳೆಯ ಬಂದರು ಹೂಳು ತುಂಬಿ ಕೆಟ್ಟು, ದಕ್ಷಿಣದಲ್ಲಿದ್ದ ಕೊಚ್ಚಿಯ ಅಳಿವೆ, ಅಂದರೆ ಹಿನ್ನೀರು ಸಮುದ್ರ ಸೇರುವ ಬಾಯಿ, ತೆರೆದುಕೊಂಡಿತು; ವ್ಯಾಪಾರವೂ ಅದರ ಹಿಂದೆಯೇ ಬಂತು.

ಆ ಒಂದು ದಿನವನ್ನು ಹೇಗೆ ಹೊಂದಿಸಿಕೊಳ್ಳಬೇಕು ಎನ್ನುವುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲ ಹೆಜ್ಜೆ: ವಾರವನ್ನು ನೋಡಿ ಟಿಕೆಟ್ ಮಾಡಿಸುವುದು

ಎಲ್ಲಕ್ಕಿಂತ ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು ವಾರ. ಹಳೆಯ ಕೊಚ್ಚಿಯ ಭಾಗವಾದ ಮಟ್ಟಾಂಚೇರಿಯ ಅರಮನೆಗೆ ಶುಕ್ರವಾರ ರಜೆ. ಅದರ ಪಕ್ಕದಲ್ಲೇ ಇರುವ ಪರದೇಶಿ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಶುಕ್ರವಾರ ಮಧ್ಯಾಹ್ನದ ಮೇಲೆ ಮುಚ್ಚಿದರೆ ಶನಿವಾರ ತೆರೆಯುವುದಿಲ್ಲ. ಯಹೂದಿ ಹಬ್ಬಗಳ ದಿನವೂ ಬಾಗಿಲು ಹಾಕಿರುತ್ತದೆ. ಭಾನುವಾರ ಬೆಳಿಗ್ಗೆ ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ಆರಾಧನೆ ನಡೆಯುವುದರಿಂದ ಪ್ರವಾಸಿಗರು ಅಡ್ಡಾಡುವಂತಿಲ್ಲ. ಸೋಮವಾರ ಕೆಲವು ವಸ್ತುಸಂಗ್ರಹಾಲಯಗಳಿಗೆ, ತ್ರಿಪ್ಪೂಣಿತ್ತುರದ ಹಿಲ್ ಪ್ಯಾಲೇಸ್ ಸೇರಿದಂತೆ, ಬಿಡುವು. ಇವೆಲ್ಲವನ್ನೂ ಕಳೆದರೆ ಮಂಗಳವಾರ, ಬುಧವಾರ, ಗುರುವಾರ ಮಾತ್ರ ಉಳಿಯುತ್ತವೆ. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಹೊರಟು ಶನಿವಾರ ಕೊಚ್ಚಿ ನೋಡುವ ನಮ್ಮ ಸಾಮಾನ್ಯ ರೂಢಿಗೆ ಇದಕ್ಕಿಂತ ಕೆಟ್ಟ ಊರು ಇನ್ನೊಂದಿಲ್ಲ.

ಒಮ್ಮೆ ನಮ್ಮ ಅತ್ತೆಯನ್ನೂ ಅವರ ಅಕ್ಕನನ್ನೂ ಕರೆದುಕೊಂಡು ಶುಕ್ರವಾರ ಹೋಗಿದ್ದೆವು. ಪ್ರವಾಸ ನಡೆಸುವವರು ಹಣ ತೆಗೆದುಕೊಳ್ಳುವಾಗ ಈ ವಿಷಯ ಎತ್ತಲೇ ಇಲ್ಲ. ಅರಮನೆಯ ಗೇಟಿನ ಮುಂದೆ ವ್ಯಾನ್ ನಿಲ್ಲಿಸಿ, “ಇಂದು ರಜೆ, ಹೊರಗಿನಿಂದ ನೋಡಿ” ಎಂದರು. ಹೊರಗಿನಿಂದ ಆ ಅರಮನೆಯಲ್ಲಿ ನೋಡಲು ಏನೂ ಇಲ್ಲ. ಬಿಳಿ ಗೋಡೆ, ಇಳಿಜಾರು ಮಾಡು, ಅಷ್ಟೆ. ಇರುವುದೆಲ್ಲ ಒಳಗಿನ ಗೋಡೆಗಳ ಮೇಲೆ.

ಎರಡನೆಯ ಹೆಜ್ಜೆ: ತಿಂಗಳು ಮತ್ತು ಸೂರ್ಯಾಸ್ತ

ಡಿಸೆಂಬರ್‌ನಿಂದ ಫೆಬ್ರುವರಿ ಕೊನೆಯವರೆಗಿನ ಅವಧಿ ಒಳ್ಳೆಯದು. ಡಿಸೆಂಬರ್ ಕೊನೆಯ ವಾರ ಮಾತ್ರ ಪಶ್ಚಿಮ ದಡದ ಹಳೆಯ ಊರಾದ ಫೋರ್ಟ್ ಕೊಚ್ಚಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜೂನ್, ಜುಲೈಯಲ್ಲಿ ಮಳೆಯ ಜೊತೆ ಸಮುದ್ರವೂ ಒರಟಾಗಿರುತ್ತದೆ, ಅಳಿವೆಯ ಹೊರಗೆ ಬೋಟು ಹೋಗುವುದು ಸಂದೇಹ. ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಹಗಲು ಬಿಸಿಲಿದ್ದು ಸರಿಯಾಗಿ ಸಂಜೆಯ ಹೊತ್ತಿಗೆ ಗುಡುಗು ಮಳೆ ಬರುವ ಸಾಧ್ಯತೆ ಹೆಚ್ಚು. ಏಪ್ರಿಲ್, ಮೇ ತಿಂಗಳಲ್ಲೂ ಹಾಗೆಯೇ, ಮೇಲೆ ಸೆಕೆ ಬೇರೆ.

ಕೊಚ್ಚಿಯಲ್ಲಿ ಸೂರ್ಯ ಮುಳುಗುವ ವೇಳೆ ಡಿಸೆಂಬರ್ ಆರಂಭದಲ್ಲಿ ಸಂಜೆ 6 ಗಂಟೆಯ ಆಸುಪಾಸು, ಜುಲೈಯಲ್ಲಿ 6.50ರ ಆಸುಪಾಸು. ಇದು ಸಣ್ಣ ವ್ಯತ್ಯಾಸವೆನಿಸಬಹುದು, ಆದರೆ ಬೋಟಿನವರು ವರ್ಷವಿಡೀ “ಸನ್‌ಸೆಟ್ ಟ್ರಿಪ್ 5.30ಕ್ಕೆ” ಎಂದು ಒಂದೇ ಹೊತ್ತು ಹೇಳುವುದುಂಟು. ಮರೀನ್ ಡ್ರೈವಿನ ಜೆಟ್ಟಿಯಿಂದ ಹೊರಟ ಬೋಟು ನಿಧಾನಗತಿಯಲ್ಲಿ ಅಳಿವೆಯ ಬಾಯಿ ಮುಟ್ಟಲು ಅರ್ಧ ಗಂಟೆಯಷ್ಟು ಬೇಕೆಂದು ಇಟ್ಟುಕೊಂಡು, ನೀವು ಹೋಗುವ ದಿನದ ಸೂರ್ಯಾಸ್ತಕ್ಕೆ ಮುಕ್ಕಾಲು ಗಂಟೆ ಮೊದಲು ಹೊರಡುವ ಬೋಟನ್ನು ಹುಡುಕಬೇಕು. ಒಮ್ಮೆ ನಾವು ಹತ್ತಿದ ಬೋಟು ಇನ್ನಷ್ಟು ಜನ ಸೇರಲೆಂದು ಇಪ್ಪತ್ತೈದು ನಿಮಿಷ ಕಾದು ಹೊರಟಿತು. ನಾವು ಅಳಿವೆ ತಲುಪುವಾಗ ಸೂರ್ಯ ಇರಲಿಲ್ಲ, ಕೆಂಪು ಮಾತ್ರ ಉಳಿದಿತ್ತು.

ಮೂರನೆಯ ಹೆಜ್ಜೆ: ತಲುಪುವುದು

ಬೆಂಗಳೂರಿನಿಂದಲೂ ಮಂಗಳೂರಿನಿಂದಲೂ ರಾತ್ರಿ ರೈಲುಗಳಿವೆ. ಕಾರವಾರ, ಉಡುಪಿ ಕಡೆಯವರಿಗೆ ಕೊಂಕಣ ರೈಲ್ವೆಯ ನೇತ್ರಾವತಿ ಎಕ್ಸ್‌ಪ್ರೆಸ್ ನೇರವಾಗಿ ಕೊಚ್ಚಿಯ ಪೂರ್ವ ದಡದ ಪೇಟೆಯಾದ ಎರ್ನಾಕುಲಕ್ಕೆ ಹೋಗುತ್ತದೆ. ವಿಮಾನದಲ್ಲಿ ಬರುವವರು ನೆಡುಂಬಾಶ್ಶೇರಿಯಿಂದ ನಗರಕ್ಕೆ ಸುಮಾರು 30 ಕಿಲೋಮೀಟರ್ ಇದೆಯೆಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಉಳಿಯುವುದಾದರೆ ಎರ್ನಾಕುಲಂ ಪೇಟೆಯ ಕಡೆಗೇ ಉಳಿಯುವುದು ಲೇಸು. ಫೋರ್ಟ್ ಕೊಚ್ಚಿಯ ಹಳೆಯ ಮನೆಗಳಲ್ಲಿ ತಂಗುವುದು ಚೆಂದವಾದರೂ, ಸಂಜೆ ಬೋಟು ಇಳಿದ ಮೇಲೆ ಅಲ್ಲಿಗೆ ಮತ್ತೆ ನೀರು ದಾಟಿ ಹೋಗಬೇಕಾಗುತ್ತದೆ.

ನಾಲ್ಕನೆಯ ಹೆಜ್ಜೆ: ಪ್ರವಾಸವನ್ನು ಆರಿಸುವುದು

ನಗರ ವೀಕ್ಷಣೆ ಮೂರು ಬಗೆಯಲ್ಲಿ ಸಿಗುತ್ತದೆ. ದೊಡ್ಡ ಬಸ್ಸಿನಲ್ಲಿ ನಲವತ್ತು ಜನರೊಂದಿಗೆ ಹೋಗುವುದು ಅಗ್ಗ, ಆದರೆ ಮಟ್ಟಾಂಚೇರಿಯ ಓಣಿಗಳಿಗೆ ಬಸ್ಸು ಹೋಗುವುದಿಲ್ಲವಾದ್ದರಿಂದ ದೂರದಲ್ಲಿ ನಿಲ್ಲಿಸಿ, ಎಲ್ಲರೂ ಇಳಿದು, ಎಲ್ಲರೂ ಹತ್ತುವವರೆಗೆ ಕಾಯುವುದರಲ್ಲೇ ದಿನದ ಕಾಲು ಭಾಗ ಹೋಗುತ್ತದೆ. ಆಟೋದವರು ತಾವೇ ಮಾರ್ಗದರ್ಶಿಗಳೆಂದು ಹೇಳಿಕೊಂಡು ಕಡಿಮೆ ದರಕ್ಕೆ ಇಡೀ ದಿನ ಸುತ್ತಿಸುತ್ತಾರೆ. ಅವರಲ್ಲಿ ಒಳ್ಳೆಯವರು ಇದ್ದಾರೆ, ಆದರೆ ದರ ಕಡಿಮೆಯಾಗಿದ್ದಷ್ಟೂ ಕರಕುಶಲ ವಸ್ತುಗಳ ಅಂಗಡಿಗಳ ಮುಂದೆ ನಿಲ್ಲುವುದು ಹೆಚ್ಚು, ಏಕೆಂದರೆ ಉಳಿದ ಸಂಪಾದನೆ ಅಲ್ಲಿಂದ ಬರಬೇಕು. ನಾಲ್ಕಾರು ಜನರಿದ್ದರೆ ಒಂದು ಕಾರು ಅಥವಾ ವ್ಯಾನನ್ನೂ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿಯುಳ್ಳ ಒಬ್ಬ ಗೈಡನ್ನೂ ಅರ್ಧ ದಿನದ ಮಟ್ಟಿಗೆ ಗೊತ್ತುಮಾಡಿಕೊಳ್ಳುವುದು ನನ್ನ ಆಯ್ಕೆ. ಕನ್ನಡ ಬಲ್ಲ ಗೈಡ್ ಸಿಗುವುದು ಅಪರೂಪ, ಇಂಗ್ಲಿಷ್, ಹಿಂದಿ, ತಮಿಳಿನವರು ಸಿಗುತ್ತಾರೆ. ಆದರೆ ಮಂಗಳೂರು, ಕಾರ್ಕಳದ ಕಡೆಯ ಕೊಂಕಣಿ ಮಾತಿನವರಿಗೆ ಇಲ್ಲಿ ಒಂದು ಅನುಕೂಲವಿದೆ: ಪೋರ್ಚುಗೀಸರ ಕಾಲದಲ್ಲಿ ಗೋವೆ ಬಿಟ್ಟು ಹೊರಟ ಗೌಡ ಸಾರಸ್ವತರಲ್ಲಿ ಒಂದು ಪಂಗಡ ನಮ್ಮ ಕರಾವಳಿಗೆ ಬಂದಂತೆ ಇನ್ನೊಂದು ಕೊಚ್ಚಿಗೂ ಬಂದು ನೆಲೆಸಿತು, ಮಟ್ಟಾಂಚೇರಿಯ ಚೆರ್ಲಾಯಿಯಲ್ಲಿ ಅವರ ತಿರುಮಲ ದೇವಸ್ವಂ ದೇವಸ್ಥಾನ ಇದೆ, ಆ ಬೀದಿಗಳಲ್ಲಿ ಇಂದಿಗೂ ಕೊಂಕಣಿ ಕಿವಿಗೆ ಬೀಳುತ್ತದೆ.

ಹಣ ಕಟ್ಟುವ ಮೊದಲು ಈ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ವಾಟ್ಸ್‌ಆ್ಯಪ್ ಸಂದೇಶದಲ್ಲಿಯೇ ಬರೆಯಿಸಿಕೊಳ್ಳುವುದು ಕ್ಷೇಮ. ಪ್ರವೇಶ ಶುಲ್ಕ ಸೇರಿದೆಯೇ? ಗೈಡ್ ನಮ್ಮ ಜೊತೆ ಒಳಗೆ ಬರುತ್ತಾರೆಯೇ, ಅಥವಾ ವಾಹನದಲ್ಲೇ ವಿವರ ಹೇಳಿ ಬಾಗಿಲಲ್ಲಿ ಬಿಟ್ಟುಬಿಡುತ್ತಾರೆಯೇ? ಅಂಗಡಿಗಳಿಗೆ ಎಷ್ಟು ಹೊತ್ತು? ಸಂಜೆಯ ಬೋಟಿನಲ್ಲಿ ಗೈಡ್ ಇರುತ್ತಾರೆಯೇ? ಹೆಚ್ಚಿನ ಕಡೆ ಗೈಡ್ ಜೆಟ್ಟಿಯವರೆಗೆ ಬಂದು ಕೈ ಬೀಸಿ ಹೋಗುತ್ತಾರೆ. ಹಾಗಿದ್ದರೆ ಬೋಟಿನಿಂದ ಎಡಕ್ಕೆ ಬಲಕ್ಕೆ ಏನೇನು ಕಾಣುತ್ತದೆಂದು ಅವರಿಂದ ಹಗಲೇ ಕೇಳಿ ಗುರುತು ಹಾಕಿಕೊಳ್ಳಬೇಕು. ಅದರ ಸ್ಥೂಲ ನಕ್ಷೆಯನ್ನು ಮುಂದೆ ಕೊಟ್ಟಿದ್ದೇನೆ.

ಐದನೆಯ ಹೆಜ್ಜೆ: ಬೆಳಿಗ್ಗೆ 8.30ಕ್ಕೆ ಫೋರ್ಟ್ ಕೊಚ್ಚಿ

ಎರ್ನಾಕುಲದಿಂದ ಫೋರ್ಟ್ ಕೊಚ್ಚಿಗೆ ರಸ್ತೆಯಲ್ಲಿ ಸುತ್ತು ದಾರಿ. ನೀರಿನಲ್ಲಿ ನೇರ ದಾರಿ. ರಾಜ್ಯ ಜಲಸಾರಿಗೆ ಇಲಾಖೆಯ ಹಳೆಯ ಬೋಟುಗಳು ಕೆಲವೇ ರೂಪಾಯಿಗೆ ದಾಟಿಸುತ್ತವೆ. 2023ರ ಏಪ್ರಿಲ್‌ನಲ್ಲಿ ಆರಂಭವಾದ ವಾಟರ್ ಮೆಟ್ರೊದ ಹವಾನಿಯಂತ್ರಿತ ವಿದ್ಯುತ್ ಬೋಟುಗಳೂ ಹೈಕೋರ್ಟ್ ಜೆಟ್ಟಿಯಿಂದ ಓಡುತ್ತವೆ. ವಾಹನ ಮತ್ತು ಗೈಡನ್ನು ಫೋರ್ಟ್ ಕೊಚ್ಚಿಯ ದಡದಲ್ಲೇ ಕಾಯಲು ಹೇಳಿ ನೀವು ನೀರಿನಲ್ಲಿ ಹೋಗಿ. ಹಳೆಯ ಬೋಟು ನಿಲ್ಲುವ ಜಾಗಕ್ಕೆ ಕಮಾಲಕಡವು ಎಂದು ಹೆಸರು. ದೋಣಿ ದಾಟಿಸುವ ಜಾಗಕ್ಕೆ ನಮ್ಮ ಕರಾವಳಿಯಲ್ಲೂ ಕಡವು ಎನ್ನುತ್ತಾರಾದ್ದರಿಂದ ಆ ಹೆಸರು ನಮಗೆ ಪರಕೀಯವೆನಿಸುವುದಿಲ್ಲ.

ಚೀನೀ ಬಲೆಗಳನ್ನು, ಮಲಯಾಳದಲ್ಲಿ ಚೀನವಲ, ಬೆಳಿಗ್ಗೆಯೇ ನೋಡಬೇಕು. ಅವನ್ನು ಯಾರು ತಂದರೆಂಬುದಕ್ಕೆ ಎರಡು ಮೂರು ಕಥೆಗಳಿವೆ, ಗೈಡ್ ಯಾವುದನ್ನು ಹೇಳುತ್ತಾರೆಂಬುದು ಅವರ ಇಷ್ಟ. ನೋಡಬೇಕಾದದ್ದು ಅದರ ತೂಕದ ಲೆಕ್ಕ. ಉದ್ದನೆಯ ತೊಲೆಯ ನೀರಿನ ತುದಿಗೆ ನಾಲ್ಕು ಬಾಗಿದ ಕೋಲುಗಳಲ್ಲಿ ಜೋಲಿಯಂತೆ ಬಲೆ ತೂಗುತ್ತಿರುತ್ತದೆ. ದಡದ ತುದಿಗೆ ಒಂದಕ್ಕಿಂತ ಒಂದು ಎತ್ತರದಲ್ಲಿ ಹಗ್ಗ ಕಟ್ಟಿದ ಕಲ್ಲುಗುಂಡುಗಳು. ಈ ಎರಡೂ ಕಡೆಯ ತೂಕ ಎಷ್ಟು ಹತ್ತಿರ ಹತ್ತಿರವೆಂದರೆ, ಒಬ್ಬ ಮನುಷ್ಯ ತೊಲೆಯ ಮೇಲೆ ನೀರಿನ ಕಡೆಗೆ ನಡೆದು ಹೋದರೆ ಸಾಕು, ಅವನ ಭಾರಕ್ಕೆ ಇಡೀ ಬಲೆ ನೀರಿಗೆ ಇಳಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು ನಾಲ್ಕೈದು ಜನ ಹಗ್ಗ ಜಗ್ಗುತ್ತಾರೆ, ಕಲ್ಲುಗಳು ಒಂದೊಂದಾಗಿ ಕೆಳಗೆ ಬಂದು ನೆಲ ಮುಟ್ಟುತ್ತಾ ಹೋಗುತ್ತವೆ, ಬಲೆ ನೀರು ಸುರಿಸುತ್ತಾ ಮೇಲೇಳುತ್ತದೆ. ಅದರಲ್ಲಿ ಬಿದ್ದದ್ದು ಹೆಚ್ಚಿನ ಸಲ ಒಂದು ಬೊಗಸೆ ಮೀನು, ಅದರ ಜೊತೆ ಮಳೆಗಾಲ ಮುಗಿದ ತಿಂಗಳುಗಳಲ್ಲಿ ಹಿನ್ನೀರಿನಿಂದ ತೇಲಿ ಬಂದ ಅಂತರಗಂಗೆ. ನಿಮ್ಮನ್ನೂ ಹಗ್ಗ ಹಿಡಿಯಲು ಕರೆಯುತ್ತಾರೆ, ಕೊನೆಗೆ ಹಣ ಕೇಳುತ್ತಾರೆ. ಮೀನಿಗಿಂತ ಈ ಹಣವೇ ಅವರಿಗೆ ಆಸರೆಯಾಗಿರುವ ದಿನಗಳಿವೆ, ಆದ್ದರಿಂದ ಹಗ್ಗ ಹಿಡಿಯುವ ಮೊದಲೇ ಎಷ್ಟೆಂದು ಕೇಳಿ, ಒಪ್ಪಿದ್ದನ್ನು ಚೌಕಾಸಿಯಿಲ್ಲದೆ ಕೊಟ್ಟುಬಿಡಿ.

ಅಲ್ಲಿಂದ ಸೇಂಟ್ ಫ್ರಾನ್ಸಿಸ್ ಚರ್ಚಿಗೆ ನಡೆದೇ ಹೋಗಬಹುದು. 1503ರಲ್ಲಿ ಪೋರ್ಚುಗೀಸರು ಮರದಲ್ಲಿ ಕಟ್ಟಿದ ಆರಾಧನಾ ಮಂದಿರದಿಂದ ಬೆಳೆದು ಬಂದ ಈ ಚರ್ಚು ಭಾರತದಲ್ಲಿ ಯುರೋಪಿಯನ್ನರು ಕಟ್ಟಿದ ಚರ್ಚುಗಳಲ್ಲಿ ಅತ್ಯಂತ ಹಳೆಯದೆಂದು ಹೆಸರಾಗಿದೆ. 1524ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ ವಾಸ್ಕೋ ಡ ಗಾಮನನ್ನು ಮೊದಲು ಹೂತದ್ದು ಇಲ್ಲಿ. ಅಸ್ಥಿಗಳನ್ನು ಹದಿನಾಲ್ಕೈದು ವರ್ಷಗಳ ಬಳಿಕ ಪೋರ್ಚುಗಲ್ಲಿಗೆ ಸಾಗಿಸಿದರು, ಜಾಗದ ಗುರುತು ಮಾತ್ರ ಉಳಿದಿದೆ. ಎಲ್ಲರೂ ಅದರ ಸುತ್ತ ಗುಂಪುಗೂಡುತ್ತಾರೆ. ನೀವು ತಲೆ ಎತ್ತಿ, ಸಾಲಾಗಿ ತೂಗಿಬಿಟ್ಟಿರುವ ಬಟ್ಟೆಯ ಬೀಸಣಿಗೆಗಳನ್ನು ನೋಡಿ. ಅವುಗಳ ಹಗ್ಗ ಗೋಡೆಯಾಚೆ ಹೋಗುತ್ತದೆ, ಒಳಗೆ ಕುಳಿತವರಿಗೆ ಗಾಳಿ ಬರಲೆಂದು ಹೊರಗೆ ಬಿಸಿಲಲ್ಲಿ ಕೂತು ಆಳುಗಳು ಅದನ್ನು ಎಳೆಯುತ್ತಿದ್ದರು. ಸಾಂತಾಕ್ರೂಜ್ ಬಸಿಲಿಕಾ ಹತ್ತಿರದಲ್ಲೇ ಇದೆ. ಈಗಿನ ಕಟ್ಟಡ 1905ರಲ್ಲಿ ಪ್ರತಿಷ್ಠೆಯಾದದ್ದು, ಹದಿನೈದು ನಿಮಿಷ ಸಾಕು.

ಆರನೆಯ ಹೆಜ್ಜೆ: 10.30ಕ್ಕೆ ಮಟ್ಟಾಂಚೇರಿ

ಇಲ್ಲಿ ಕ್ರಮ ಮುಖ್ಯ. ಸಿನಗಾಗ್ ಮಧ್ಯಾಹ್ನ ಕೆಲಹೊತ್ತು ಮುಚ್ಚುವುದರಿಂದ ಅದನ್ನು ಮೊದಲು ನೋಡಿ, ಅರಮನೆಯನ್ನು ಆಮೇಲೆ ಇಟ್ಟುಕೊಳ್ಳಬೇಕು. ತೋಳಿಲ್ಲದ ಅಂಗಿ, ಚಡ್ಡಿ ಹಾಕಿ ಬಂದವರನ್ನು ತಡೆಯುವುದುಂಟು. ಚಪ್ಪಲಿ ಹೊರಗೆ ಬಿಡಬೇಕು. 1568ರಲ್ಲಿ ಕಟ್ಟಿದ ಈ ಮಂದಿರದ ಹೆಸರಿನಲ್ಲಿರುವ “ಪರದೇಶಿ” ಎಂಬ ಮಾತು ನಮ್ಮಲ್ಲಿ ದಿಕ್ಕಿಲ್ಲದವನಿಗೂ ಸಲ್ಲುತ್ತದೆ, ಇಲ್ಲಿ ಹೊರನಾಡಿನಿಂದ ಬಂದ ಯಹೂದಿಗಳೆಂಬ ಅರ್ಥ ಮಾತ್ರ. ಅವರಿಗೆ ಕೊಚ್ಚಿಯ ಅರಸ ತನ್ನ ಅರಮನೆಯ ಮಗ್ಗುಲಲ್ಲೇ ಜಾಗ ಕೊಟ್ಟಿದ್ದ. ನೆಲಕ್ಕೆ ಹಾಸಿದ ನೀಲಿ-ಬಿಳಿ ಪಿಂಗಾಣಿ ಬಿಲ್ಲೆಗಳು ಹದಿನೆಂಟನೆಯ ಶತಮಾನದಲ್ಲಿ ಚೀನಾದಿಂದ ಹಡಗಿನಲ್ಲಿ ಬಂದವು. ಕೈಯಲ್ಲೇ ಚಿತ್ರ ಬರೆದವಾದ್ದರಿಂದ ಒಂದರಂತೆ ಇನ್ನೊಂದಿಲ್ಲ ಎನ್ನುತ್ತಾರೆ. ಬರಿಗಾಲಲ್ಲಿ ನಿಂತು ನಾಲ್ಕು ಬಿಲ್ಲೆಗಳನ್ನು ಹೋಲಿಸಿ ನೋಡಿದರೆ ಮರದ ಕೊಂಬೆಯ ಬಾಗು ಬೇರೆ, ಹೂವಿನ ಗಾತ್ರ ಬೇರೆ ಇರುವುದು ನಿಮಗೇ ತಿಳಿಯುತ್ತದೆ.

ಅರಮನೆಯನ್ನು ಹದಿನಾರನೆಯ ಶತಮಾನದ ನಡುವಿನಲ್ಲಿ ಪೋರ್ಚುಗೀಸರು ಕಟ್ಟಿ ಅರಸನಿಗೆ ಒಪ್ಪಿಸಿದರು, 1663ರಲ್ಲಿ ಕೊಚ್ಚಿಯನ್ನು ಗೆದ್ದ ಡಚ್ಚರು ರಿಪೇರಿ ಮಾಡಿಸಿದರು. ಕಟ್ಟಿದವರನ್ನು ಬಿಟ್ಟು ರಿಪೇರಿಯವರ ಹೆಸರು ನಿಂತು, ಇದು ಡಚ್ ಅರಮನೆಯಾಯಿತು. ಅರಸರ ಶಯನಗೃಹದ ಗೋಡೆಗಳ ತುಂಬ ರಾಮಾಯಣದ ಭಿತ್ತಿಚಿತ್ರಗಳಿವೆ. ಗೈಡ್ ಇಲ್ಲದೆ ಇವನ್ನು ನೋಡುವುದು ಕಷ್ಟ, ಏಕೆಂದರೆ ಒಂದು ಪ್ರಸಂಗಕ್ಕೂ ಮುಂದಿನದಕ್ಕೂ ನಡುವೆ ಖಾಲಿ ಜಾಗವಿಲ್ಲ, ಆಕೃತಿಗಳು ಒತ್ತೊತ್ತಾಗಿ ತುಂಬಿವೆ. ದಿನದಲ್ಲಿ ಗೈಡಿಗೆ ಕೊಟ್ಟ ಹಣ ಎಲ್ಲಿ ಸಾರ್ಥಕವಾಗುತ್ತದೆಂದು ಕೇಳಿದರೆ ನಾನು ಈ ಕೋಣೆಯನ್ನೇ ತೋರಿಸುತ್ತೇನೆ. ಇಲ್ಲಿ ಒಂದು ಗಂಟೆ ಕೊಡಿ, ಬೇರೆ ಯಾವುದನ್ನಾದರೂ ಕಡಿತಗೊಳಿಸಿ.

ಹೊರಬಂದು ಬಜಾರ್ ರಸ್ತೆಯಲ್ಲಿ ಒಂದಿಷ್ಟು ದೂರ ನಡೆಯಿರಿ. ಮೆಣಸು, ಶುಂಠಿ, ಏಲಕ್ಕಿಯ ಮಂಡಿಗಳು, ಗೋದಾಮುಗಳು ಸಾಲಾಗಿವೆ. ಮಲೆನಾಡಿನವರಿಗೆ ಆ ವಾಸನೆಯನ್ನು ಯಾರೂ ವಿವರಿಸಬೇಕಿಲ್ಲ. ಗಮನಿಸಬೇಕಾದದ್ದು, ಈ ಕಟ್ಟಡಗಳ ಮುಂಬಾಗಿಲು ರಸ್ತೆಗೆ, ಹಿಂಬಾಗಿಲು ನೀರಿಗೆ. ಸರಕು ಹಿಂದಿನಿಂದ ದೋಣಿಗೆ ಇಳಿಯುತ್ತಿತ್ತು.

ಊಟಕ್ಕೆ ಮೀನು ತಿನ್ನುವವರಿಗೆ ಯೋಚನೆಯಿಲ್ಲ. ಸಸ್ಯಾಹಾರಿಗಳು ಮಟ್ಟಾಂಚೇರಿಯ ಗುಜರಾತಿ ರಸ್ತೆಯ ಕಡೆ ಹೋದರೆ ಸಾಂಬಾರು ಪದಾರ್ಥದ ವ್ಯಾಪಾರಕ್ಕೆಂದು ತಲೆಮಾರುಗಳ ಹಿಂದೆ ಬಂದವರ ಅಡುಗೆ ಸಿಗುತ್ತದೆ. ಊಟವಾದ ಮೇಲೆ ಮೂರು ಗಂಟೆಯವರೆಗೆ ಏನನ್ನೂ ಇಟ್ಟುಕೊಳ್ಳಬೇಡಿ. ಕೊಚ್ಚಿಯ ಬಿಸಿಲಿಗಿಂತ ಅದರ ಬೆವರು ಜಾಸ್ತಿ ದಣಿಸುತ್ತದೆ. ವಯಸ್ಸಾದವರೂ ಮಕ್ಕಳೂ ಈ ಹೊತ್ತಿನಲ್ಲಿ ಮಲಗದಿದ್ದರೆ ಸಂಜೆ ಬೋಟಿನಲ್ಲಿ ತೂಕಡಿಸುತ್ತಾರೆ.

ಏಳನೆಯ ಹೆಜ್ಜೆ: ಬೋಟನ್ನು ಪರೀಕ್ಷಿಸುವುದು

ಮಟ್ಟಾಂಚೇರಿಯಿಂದ ಮರೀನ್ ಡ್ರೈವಿಗೆ ಸಂಜೆಯ ವಾಹನ ದಟ್ಟಣೆಯಲ್ಲಿ ಒಂದು ಗಂಟೆ ಹಿಡಿಯಬಹುದಾದ್ದರಿಂದ ನಾಲ್ಕು ಗಂಟೆಯ ಮೊದಲೇ ಹೊರಡಬೇಕು. ಬೋಟುಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಖಾಸಗಿಯವರ ಸಣ್ಣ ಬೋಟುಗಳು ಬಂದರಿನ ಒಳಗೆ ಒಂದು ಗಂಟೆ ಸುತ್ತಿಸುತ್ತವೆ. ಕೇರಳ ಸರ್ಕಾರದ ಒಳನಾಡು ಜಲಸಾರಿಗೆ ನಿಗಮದ ‘ಸಾಗರ ರಾಣಿ’ಯಂಥವು ಅಳಿವೆಯಾಚೆ ಸಮುದ್ರದ ಅಂಚಿಗೆ ಹೋಗಿ ಬರುತ್ತವೆ; ಅದೇ ನಿಗಮದ ‘ನೆಫರ್ಟಿಟಿ’ ಇನ್ನೂ ದೊಡ್ಡದು, ಹಲವು ಗಂಟೆಗಳ ಸಮುದ್ರ ವಿಹಾರಕ್ಕೆಂದೇ ಇರುವ ಹಡಗು, ಹತ್ತುವ ಜಾಗವನ್ನು ಟಿಕೆಟ್ ಮಾಡಿಸುವಾಗಲೇ ಕೇಳಿಕೊಳ್ಳಬೇಕು. ರಜೆಯ ದಿನಗಳಲ್ಲಿ ಸರ್ಕಾರಿ ಬೋಟುಗಳು ಮೊದಲೇ ಭರ್ತಿಯಾಗುತ್ತವೆ.

2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಪ್ರವಾಸಿ ಬೋಟೊಂದು ಮಗುಚಿ 22 ಜನ ತೀರಿಕೊಂಡರು. ಅದು ಮೀನುಗಾರಿಕೆಯ ದೋಣಿಯನ್ನು ಬದಲಾಯಿಸಿ ಮಾಡಿದ ಬೋಟು. ಮಿತಿಗಿಂತ ಹೆಚ್ಚು ಜನರನ್ನು ಹತ್ತಿಸಿಕೊಂಡು, ಹೊತ್ತು ಮುಳುಗುವ ವೇಳೆಯಲ್ಲಿ ಹೊರಟಿತ್ತು. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ 45 ಜನರನ್ನು ಬಲಿ ತೆಗೆದುಕೊಂಡ ದುರಂತದಲ್ಲಿ, ದಡದಲ್ಲಿ ಪ್ರಾಣಿಗಳನ್ನು ಕಂಡ ಪ್ರವಾಸಿಗರು ಒಂದೇ ಪಕ್ಕಕ್ಕೆ ನುಗ್ಗಿದ್ದು ಬೋಟು ವಾಲಲು ಕಾರಣವಾಯಿತೆಂದು ವರದಿಯಾಗಿತ್ತು. ಎರಡು ಅಂತಸ್ತಿನ ಬೋಟಿನಲ್ಲಿ ಜನ ಮೇಲಿನ ಅಂತಸ್ತಿನಲ್ಲಿ ಹೆಚ್ಚಾದಷ್ಟೂ ಅದರ ಭಾರ ಮೇಲಕ್ಕೇರುತ್ತದೆ. ಆಗ ಒಂದು ಪಕ್ಕಕ್ಕೆ ವಾಲಿದ್ದು ಮತ್ತೆ ನೆಟ್ಟಗಾಗುವ ಶಕ್ತಿ ಕಡಿಮೆಯಾಗುತ್ತದೆ. ಆದ್ದರಿಂದ ಟಿಕೆಟ್ ಕೊಳ್ಳುವ ಮೊದಲು ಬೋಟಿನ ಹತ್ತಿರ ಹೋಗಿ ನಿಂತು ನೋಡಿ. ನೋಂದಣಿ ಸಂಖ್ಯೆಯನ್ನೂ ಒಯ್ಯಬಹುದಾದ ಜನರ ಸಂಖ್ಯೆಯನ್ನೂ ಕಾಣುವಂತೆ ಬರೆದಿದ್ದಾರೆಯೇ? ಲೈಫ್ ಜಾಕೆಟ್‌ಗಳು ಕೈಗೆ ಸಿಗುವಲ್ಲಿ ಇವೆಯೇ, ಅಥವಾ ಬೆಂಚಿನ ಕೆಳಗೆ ಹಗ್ಗದಿಂದ ಬಿಗಿದ ಗಂಟಾಗಿವೆಯೇ? ಮಕ್ಕಳ ಅಳತೆಯವು ಇವೆಯೇ? ಸಂಖ್ಯೆ ಬರೆದಿಲ್ಲದ ಬೋಟು, ಅಥವಾ ಸಂಖ್ಯೆ ಮೀರಿ ಹತ್ತಿಸುವ ಬೋಟು ಎಷ್ಟು ಅಗ್ಗವಾದರೂ ಬೇಡ; ಹತ್ತಿದ ಮೇಲೆ ತಿಳಿದುಬಂದರೂ ಹಣದ ಮುಖ ನೋಡದೆ ಇಳಿದುಬಿಡಿ.

ಜಾಕೆಟ್ ಹಾಕಿಕೊಳ್ಳುವುದರಲ್ಲೂ ಒಂದು ಕ್ರಮವಿದೆ. ತೋಳು ತೂರಿಸಿ ಎದೆಯ ಬಕಲ್ ಹಾಕಿದರೆ ಸಾಲದು. ಪಟ್ಟಿಯನ್ನು ಎಳೆದು ಬಿಗಿ ಮಾಡಿ, ಇನ್ನೊಬ್ಬರು ಭುಜದ ಬಳಿ ಹಿಡಿದು ಮೇಲಕ್ಕೆತ್ತಿದಾಗ ಅದು ಗಲ್ಲದವರೆಗೆ ಜಾರಿ ಬರದಂತೆ ಇರಬೇಕು. ಸಡಿಲ ಜಾಕೆಟ್ ನೀರಿನಲ್ಲಿ ಮೇಲೆ ಜಾರುತ್ತದೆ, ಮನುಷ್ಯ ಕೆಳಗೆ ಜಾರುತ್ತಾನೆ. ಫೋಟೊ ಕೆಡುತ್ತದೆಂದು ಬಿಚ್ಚಿ ತೊಡೆಯ ಮೇಲಿಟ್ಟುಕೊಳ್ಳುವವರನ್ನು ಪ್ರತಿ ಸಲವೂ ನೋಡುತ್ತೇನೆ.

ಹಾಡಿನ ಬಗ್ಗೆಯೂ ವಿಚಾರಿಸಿ. ಕೆಲವು ಬೋಟುಗಳಲ್ಲಿ ಹೊರಟ ಹೊತ್ತಿನಿಂದ ಇಳಿಯುವವರೆಗೆ ಧ್ವನಿವರ್ಧಕ ನಿಲ್ಲುವುದಿಲ್ಲ, ಪಕ್ಕದಲ್ಲಿ ಕುಳಿತವರ ಮಾತೂ ಕೇಳಿಸುವುದಿಲ್ಲ. ಕುಣಿಯುವ ಮನಸ್ಸಿದ್ದವರಿಗೆ ಅದೇ ಬೇಕಾದೀತು. ಶೌಚಾಲಯ ಇದೆಯೇ, ಮಳೆ ಬಂದು ರದ್ದಾದರೆ ಹಣ ಮರಳಿ ಕೊಡುತ್ತಾರೆಯೇ ಎಂಬುದನ್ನು ಇದೇ ಉಸಿರಿನಲ್ಲಿ ಕೇಳಿಬಿಡಿ.

ಎಂಟನೆಯ ಹೆಜ್ಜೆ: ನೀರಿನ ಮೇಲೆ

ಮರೀನ್ ಡ್ರೈವ್ ಇರುವುದು ಪೂರ್ವದ ದಡದಲ್ಲಿ, ಅಳಿವೆ ಪಶ್ಚಿಮದಲ್ಲಿ. ಹೋಗುವಾಗ ಬಲಕ್ಕೆ ಮೊದಲು ಬೋಲ್ಗಾಟ್ಟಿ ದ್ವೀಪ, ಅಲ್ಲಿ ಡಚ್ಚರು 1744ರಲ್ಲಿ ಕಟ್ಟಿದ ಬಂಗಲೆ ಈಗ ಹೋಟೆಲು, ಅದರಾಚೆ 2011ರಲ್ಲಿ ಆರಂಭವಾದ ವಲ್ಲಾರ್ಪಾಡಂ ಕಂಟೇನರ್ ಟರ್ಮಿನಲ್ಲಿನ ಎತ್ತರದ ಕ್ರೇನುಗಳು, ಕೊನೆಗೆ ವೈಪಿನ್ ದ್ವೀಪ. ಎಡಕ್ಕೆ ವಿಲ್ಲಿಂಗ್ಡನ್ ದ್ವೀಪ, ಕೊನೆಗೆ ಫೋರ್ಟ್ ಕೊಚ್ಚಿಯ ಬಲೆಗಳು. ವಿಲ್ಲಿಂಗ್ಡನ್ ದ್ವೀಪದ ಪಕ್ಕದಲ್ಲಿ ಸಾಗುವಾಗ ಅದರ ಕಥೆಯನ್ನು ನೆನಪಿಸಿಕೊಳ್ಳಬೇಕು. ಮಂಗಳೂರಿನ ಹಳೆ ಬಂದರಿನ ಅಳಿವೆಯಲ್ಲಿ ಮರಳು ದಿಬ್ಬಗಟ್ಟಿ ಮೀನುಗಾರಿಕೆಯ ಬೋಟುಗಳು ಪಡುವ ಪಾಡನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ: ಕೊಚ್ಚಿಯ ಬಾಯಿಗೂ ಅಂಥದೇ ದಿಬ್ಬ ಅಡ್ಡವಿತ್ತು, ದೊಡ್ಡ ಹಡಗುಗಳು ಹೊರಗೆ ಲಂಗರು ಹಾಕಿ ಸರಕನ್ನು ದೋಣಿಗಳಿಗೆ ಇಳಿಸಬೇಕಿತ್ತು. 1920ರಲ್ಲಿ ಬಂದ ಎಂಜಿನಿಯರ್ ರಾಬರ್ಟ್ ಬ್ರಿಸ್ಟೊ ಆ ದಿಬ್ಬವನ್ನು ಕಡಿಸಿದ. 1928ರ ಹೊತ್ತಿಗೆ ಹಡಗುಗಳು ಒಳಬರತೊಡಗಿದವು. ಬಂದರನ್ನು ಆಳ ಮಾಡಲೆಂದು ಎತ್ತಿದ ಹೂಳನ್ನೇ ಒಂದೆಡೆ ತುಂಬಿ ಈ ದ್ವೀಪವನ್ನು ಮಾಡಿದರು. ಮಂಗಳೂರಿನಲ್ಲಿ ಅಳಿವೆಯ ಗೊಡವೆಯನ್ನೇ ಬಿಟ್ಟು ಪಣಂಬೂರಿನಲ್ಲಿ ಹೊಸ ಬಂದರು ತೋಡಿದರು. ಇಲ್ಲಿ ಅಳಿವೆಯನ್ನೇ ಪಳಗಿಸಿದರು, ಅದಕ್ಕಾಗಿ ಇಂದಿಗೂ ಹೂಳೆತ್ತುವುದು ನಿಂತಿಲ್ಲ.

ಯಾವ ಪಕ್ಕದಲ್ಲಿ ಕೂರಬೇಕೆಂಬುದು ತಿಂಗಳನ್ನು ಅವಲಂಬಿಸುತ್ತದೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ನೈಋತ್ಯಕ್ಕೆ ಸರಿದು ಫೋರ್ಟ್ ಕೊಚ್ಚಿಯ ಕಡೆ ಇಳಿಯುತ್ತಾನೆ, ಆದ್ದರಿಂದ ಹೋಗುವಾಗ ಎಡಕ್ಕೆ ಕೂತವರಿಗೆ ಬಲೆಗಳ ಕಪ್ಪು ಆಕೃತಿಯ ಹಿಂದೆ ಸೂರ್ಯ ಸಿಗುತ್ತಾನೆ. ಮೇ ತಿಂಗಳಿನಲ್ಲಿ ಅವನು ವಾಯವ್ಯಕ್ಕೆ ಸರಿದು ವೈಪಿನ್ ಕಡೆ ಇಳಿಯುತ್ತಾನೆ, ಆಗ ಬಲಕ್ಕೆ ಕೂರಬೇಕು. ಬೇಕಾದ ಪಕ್ಕವನ್ನು ಹತ್ತುವಾಗಲೇ ಹಿಡಿದುಕೊಳ್ಳಿ. ನಡುವೆ ಎದ್ದು ಪಕ್ಕ ಬದಲಾಯಿಸುವುದು ಬೇಡ, ತೇಕ್ಕಡಿಯ ಮಾತು ಈಗಷ್ಟೇ ಹೇಳಿದ್ದೇನೆ. ಅಳಿವೆಯ ಬಳಿ ಡಾಲ್ಫಿನ್‌ಗಳು ಆಗಾಗ ಕಾಣುತ್ತವೆ. ಯಾರಾದರೂ ಕೂಗಿದಾಗ ಎಲ್ಲರೂ ಏಳುತ್ತಾರೆ. ನೀವು ಕುಳಿತೇ ಇರಿ, ಅವು ಸಾಮಾನ್ಯವಾಗಿ ಇನ್ನೊಮ್ಮೆ ಬೆನ್ನು ತೋರಿಸುತ್ತವೆ. ವಾಕರಿಕೆಯ ತೊಂದರೆಯಿರುವವರು ಕೆಳ ಅಂತಸ್ತಿನ ನಡುಭಾಗದಲ್ಲಿ ಕೂತು ದಿಗಂತವನ್ನು ನೋಡುತ್ತಿರಬೇಕು. ಬಂದರಿನ ಒಳಗೆ ತೊಯ್ದಾಟವಿಲ್ಲ, ಅಳಿವೆ ದಾಟುತ್ತಿದ್ದಂತೆ ಅಲೆ ಗೊತ್ತಾಗುತ್ತದೆ.

ನೌಕಾಪಡೆಯ ನೆಲೆ ಹಾಗೂ ಹಡಗುಗಳ ಫೋಟೊ ತೆಗೆಯಬೇಡಿ, ಡ್ರೋನ್ ಹಾರಿಸುವ ಯೋಚನೆಯನ್ನಂತೂ ಮಾಡಲೇಬೇಡಿ. ಇದು ನೌಕಾಪಡೆಯ ದಕ್ಷಿಣ ಕಮಾಂಡಿನ ಊರು, 2022ರಲ್ಲಿ ಸೇವೆಗೆ ಸೇರಿದ ವಿಮಾನವಾಹಕ ನೌಕೆ ವಿಕ್ರಾಂತ್ ತಯಾರಾದದ್ದೂ ಇಲ್ಲಿನ ಶಿಪ್‌ಯಾರ್ಡಿನಲ್ಲಿಯೇ.

ಹೆಚ್ಚಿನವರು ಸೂರ್ಯ ಮುಳುಗಿದೊಡನೆ ಮೊಬೈಲಿಗೆ ಮರಳುತ್ತಾರೆ. ಮರಳುವ ದಾರಿಯಲ್ಲಿ ಬೋಟಿನ ಮೂತಿಯ ಕಡೆ ನೋಡುತ್ತಾ ಕುಳಿತವರಿಗೆ ಹಡಗುದಾರಿಯ ಎರಡೂ ಅಂಚುಗಳಲ್ಲಿ ತೇಲುವ ಗುರುತುದೀಪಗಳು ಒಂದೊಂದಾಗಿ ಮಿನುಗತೊಡಗುವುದು ಕಾಣುತ್ತದೆ. ಬಂದರಿನೊಳಗೆ ಬರುವ ಹಡಗಿಗೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಇದು ಇಲ್ಲಿನ ನಿಯಮ. ಮಕ್ಕಳಿಗೆ ಇದನ್ನು ಹೇಳಿಕೊಟ್ಟು ಎಣಿಸಲು ಬಿಟ್ಟರೆ ಜೆಟ್ಟಿ ಬರುವವರೆಗೆ ಅವರು ಅಲ್ಲಾಡುವುದಿಲ್ಲ.

ಇಳಿದ ಮೇಲೆ

ಬೋಟು ಜೆಟ್ಟಿಗೆ ತಾಗಿದ ಕೂಡಲೇ ಏಳಬೇಡಿ. ಹುಡುಗ ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಹಾಕಿ ಬಿಗಿಯುವವರೆಗೆ ಬೋಟಿಗೂ ದಡಕ್ಕೂ ನಡುವಿನ ಬಿರುಕು ಹಿಗ್ಗುತ್ತಾ ಕುಗ್ಗುತ್ತಾ ಇರುತ್ತದೆ, ಕಾಲು ಸಿಕ್ಕಿಕೊಳ್ಳುವುದು ಅಲ್ಲಿ. ವಯಸ್ಸಾದವರನ್ನು ಕೊನೆಗೆ, ನಿಧಾನವಾಗಿ ಇಳಿಸಿ. ಅದೇ ರಾತ್ರಿ ರೈಲು ಹಿಡಿಯುವವರು ಮರೀನ್ ಡ್ರೈವಿನಿಂದಲೇ ಆಟೋ ಮಾಡಿಕೊಳ್ಳಬಹುದು, ಆದರೆ ಎರ್ನಾಕುಲಂ ಹೆಸರಿನ ದೊಡ್ಡ ನಿಲ್ದಾಣಗಳು ಎರಡು. ಟಿಕೆಟಿನಲ್ಲಿ ‘ಟೌನ್’ ಎಂದಿದ್ದರೆ ಆಟೋದವರಿಗೆ ‘ನಾರ್ತ್’ ಎನ್ನಬೇಕು, ‘ಜಂಕ್ಷನ್’ ಎಂದಿದ್ದರೆ ‘ಸೌತ್’ ಎನ್ನಬೇಕು.